ಬ್ರೆಡ್ಡಿನ ಮೇಲೆ ಏನು ಹಚ್ಚುತ್ತೀರಿ?

ಅರವತ್ತೆಂಟು ವಯಸ್ಸಿನ ನಿವೃತ್ತ ಮೇಷ್ಟ್ರೊಬ್ಬರು ಹಲವು ವರ್ಷಗಳಿಂದ ರಕ್ತದೊತ್ತಡಕ್ಕೆ ನನ್ನಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾರೆ. ಮಾತ್ರೆ ತಪ್ಪಿಸುವವರಲ್ಲ, ಬೆಳಗಿನ ನಡಿಗೆ ಬಿಡುವವರಲ್ಲ. ಆದರೂ ಒಮ್ಮೆ ಅವರ ಒತ್ತಡ 170/100ಕ್ಕೆ ಏರಿತ್ತು. ಉಪ್ಪು ಕಡಿಮೆ ಮಾಡಿದ್ದೀರಾ ಎಂದು ಕೇಳಿದೆ. ‘ಸಾರಿಗೆ ಚಿಟಿಕೆಯಷ್ಟೇ ಹಾಕೋದು ಡಾಕ್ಟ್ರೇ’ ಎಂದರು. ನಾನು ಇನ್ನೊಂದು ಮಾತ್ರೆ ಸೇರಿಸಿ ಕಳಿಸಿದೆ. ತಿಂಗಳು ಕಳೆದರೂ ಒತ್ತಡ ಅಷ್ಟಾಗಿ ಇಳಿಯಲಿಲ್ಲ. ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಆಗ ಕೇಳಿದೆ: ‘ಬೆಳಿಗ್ಗೆ ತಿಂಡಿ ಏನು?’

ಪತ್ನಿ ತೀರಿಕೊಂಡ ಮೇಲೆ ಅವರ ಮನೆಯಲ್ಲಿ ದೋಸೆ, ಉಪ್ಪಿಟ್ಟು ನಿಂತುಹೋಗಿತ್ತು. ದಿನವೂ ನಾಲ್ಕು ಹೋಳು ಬ್ರೆಡ್ಡು, ನಡುವೆ ಎರಡು ಚೀಸ್ ಹಾಳೆ, ಎರಡು ದೊಡ್ಡ ಚಮಚ ಟೊಮೆಟೊ ಸಾಸ್, ಪಕ್ಕಕ್ಕೆ ಒಂದು ದೊಡ್ಡ ಚಮಚ ಮಾವಿನ ಉಪ್ಪಿನಕಾಯಿ. ‘ಬರೀ ಬ್ರೆಡ್ಡು ಸಪ್ಪೆ, ಗಂಟಲಲ್ಲಿ ಇಳಿಯೋಲ್ಲ’ ಎಂದರು. ಅವರ ಮಾತು ನಿಜವೇ. ಸಪ್ಪೆ ಊಟವನ್ನು ಯಾರೂ ಬಹುಕಾಲ ತಿನ್ನಲಾರರು. ಆದ್ದರಿಂದ ಬ್ರೆಡ್ಡಿಗೆ ಹಚ್ಚುವ ಪದಾರ್ಥಗಳ ಬಗ್ಗೆ ಈ ವಾರ ವಿಚಾರ ಮಾಡೋಣ.

ಮೇಷ್ಟ್ರ ತಟ್ಟೆಯ ಲೆಕ್ಕ

ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚಕ್ಕಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೇಷ್ಟ್ರ ತಿಂಡಿಯಲ್ಲಿ ಎಷ್ಟಿತ್ತು ನೋಡಿ. ತಯಾರಕರನ್ನು ಅವಲಂಬಿಸಿ ತುಸು ಹೆಚ್ಚುಕಡಿಮೆ ಆಗಬಹುದು. ನಾಲ್ಕು ಹೋಳು ಬ್ರೆಡ್ಡಿನಲ್ಲಿ ಸುಮಾರು 1.3 ಗ್ರಾಂ, ಎರಡು ಚೀಸ್ ಹಾಳೆಗಳಲ್ಲಿ ಅಷ್ಟೇ, ಸಾಸ್‌ನಲ್ಲಿ ಮುಕ್ಕಾಲು ಗ್ರಾಂ, ಉಪ್ಪಿನಕಾಯಿಯಲ್ಲಿ ಒಂದೂವರೆ ಗ್ರಾಂ. ಸಾರು, ಪಲ್ಯಗಳ ಸರದಿ ಬರುವ ಮೊದಲೇ ಇಡೀ ದಿನದ ಉಪ್ಪು ಮುಗಿದಿತ್ತು! ಸಾರಿನ ಉಪ್ಪು ನಾಲಿಗೆಗೆ ಗೊತ್ತಾಗುತ್ತದೆ. ಸಾಸ್‌ನ ಉಪ್ಪು ಹುಳಿ-ಸಿಹಿಗಳ ಹಿಂದೆ ಅಡಗಿರುತ್ತದೆ, ಬ್ರೆಡ್ಡಿನದು ತಿಳಿಯುವುದೇ ಇಲ್ಲ.

ಪೊಟ್ಟಣದ ಮೇಲೆ ‘ಉಪ್ಪು’ ಎಂದು ಬರೆಯದೆ ‘ಸೋಡಿಯಂ’ ಎಂದು ಬರೆದಿರುತ್ತಾರೆ. ಲೆಕ್ಕ ಸುಲಭ: 400 ಮಿಲಿಗ್ರಾಂ ಸೋಡಿಯಂ ಎಂದರೆ 1 ಗ್ರಾಂ ಉಪ್ಪು. 100 ಗ್ರಾಂ ಪದಾರ್ಥದಲ್ಲಿ 600 ಮಿಲಿಗ್ರಾಂಗಿಂತ ಹೆಚ್ಚು ಸೋಡಿಯಂ ಇದ್ದರೆ ಅದು ಹೆಚ್ಚು ಉಪ್ಪಿನ ಪದಾರ್ಥವೆಂದು ತಿಳಿಯಿರಿ.

ಜಾಮ್ ಮತ್ತು ಮಯೋನೀಸ್

ಉಪ್ಪಿಗೆ ಹೆದರಿ ಜಾಮ್ ಹಚ್ಚಿಕೊಂಡರೆ ಬೇರೆ ತೊಂದರೆ. ಜಾಮಿನ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಸಕ್ಕರೆ. ಒಂದು ದೊಡ್ಡ ಚಮಚ ಜಾಮ್ ತಿಂದರೆ ಎರಡೂವರೆ ಸಣ್ಣ ಚಮಚ ಸಕ್ಕರೆ ತಿಂದಂತೆ. ಸಕ್ಕರೆ ಕಾಯಿಲೆಯವರು ಕಾಫಿಗೆ ಸಕ್ಕರೆ ಬಿಟ್ಟು ಬ್ರೆಡ್ಡಿಗೆ ಜಾಮ್ ಹಚ್ಚುವುದನ್ನು ನಾನು ಕಂಡಿದ್ದೇನೆ.

ಮೊಟ್ಟೆಯ ಮಯೋನೀಸಿನಲ್ಲಿ ಬಹುಪಾಲು ಎಣ್ಣೆಯೇ. ಒಂದು ದೊಡ್ಡ ಚಮಚದಲ್ಲಿ ಸುಮಾರು 10 ಗ್ರಾಂ ಕೊಬ್ಬಿರುತ್ತದೆ. ಅದನ್ನು ಹಸಿ ಮೊಟ್ಟೆಯಿಂದ ಮಾಡಿ ಬಿಸಿಲಲ್ಲಿ ಇಟ್ಟರೆ ಸಾಲ್ಮೊನೆಲ್ಲಾ ಎಂಬ ರೋಗಾಣು ಬೆಳೆದು ವಾಂತಿ-ಭೇದಿ, ಜ್ವರ ಬರಬಹುದು. ಈ ಕಾರಣಕ್ಕೇ ಹಸಿ ಮೊಟ್ಟೆಯ ಮಯೋನೀಸನ್ನು 2024ರ ಅಕ್ಟೋಬರಿನಲ್ಲಿ ತೆಲಂಗಾಣವೂ 2025ರ ಏಪ್ರಿಲಿನಲ್ಲಿ ತಮಿಳುನಾಡೂ ತಲಾ ಒಂದು ವರ್ಷ ನಿಷೇಧಿಸಿದವು.

ರುಚಿಗೆ ನಮ್ಮ ಅಡುಗೆಮನೆ ಸಾಕು

ಉಪ್ಪೊಂದೇ ರುಚಿಯಲ್ಲ. ಹುಳಿ, ಖಾರ, ಘಮ, ಕರುಂ ಕುರುಂ ಎನ್ನುವ ಹಸಿತನ ಇವೆಲ್ಲ ಸೇರಿದರೆ ನಾಲಿಗೆ ಉಪ್ಪನ್ನು ಅಷ್ಟಾಗಿ ಕೇಳುವುದಿಲ್ಲ. ಈ ಕೆಳಗಿನವನ್ನು ಮಾಡಿ ನೋಡಿ.

ಹಸಿರು ಚಟ್ನಿ: ಕೊತ್ತಂಬರಿ, ಪುದೀನ, ಒಂದೆರಡು ಹಸಿಮೆಣಸಿನಕಾಯಿ, ಚೂರು ಶುಂಠಿ, ಎರಡು ಚಮಚ ಹುರಿಗಡಲೆಗಳನ್ನು ಗಟ್ಟಿಯಾಗಿ ರುಬ್ಬಿ ನಿಂಬೆರಸ ಹಿಂಡಿ. ಹುರಿಗಡಲೆ ನೀರನ್ನು ಹಿಡಿದಿಡುವುದರಿಂದ ಬ್ರೆಡ್ಡು ಮೆತ್ತಗಾಗದು. ಮುಂಬೈಯ ಬೀದಿಯ ಸ್ಯಾಂಡ್‌ವಿಚ್ಚಿಗೆ ರುಚಿ ಕೊಡುವುದು ಇಂಥ ಚಟ್ನಿಯೇ. ಅದರ ಮೇಲೆ ಬೇಯಿಸಿದ ಆಲೂಗಡ್ಡೆ, ಬೀಟ್‌ರೂಟ್, ಸೌತೆಕಾಯಿ, ಟೊಮೆಟೊ, ಈರುಳ್ಳಿಯ ಬಿಲ್ಲೆಗಳನ್ನು ಇಡುತ್ತಾರೆ.

ಕಟ್ಟಿದ ಮೊಸರು: ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಫ್ರಿಜ್ಜಿನೊಳಗೆ ಮೂರು-ನಾಲ್ಕು ಗಂಟೆ ನೀರು ಇಳಿಯಲು ಬಿಡಿ. ಇದಕ್ಕೆ ಕುಟ್ಟಿದ ಮೆಣಸು, ಬೆಳ್ಳುಳ್ಳಿ, ಕ್ಯಾರೆಟ್ ತುರಿ ಬೆರೆಸಿದರೆ ಮಯೋನೀಸ್ ನೆನಪಾಗದು.

ಚಟ್ನಿಪುಡಿ: ಉತ್ತರ ಕರ್ನಾಟಕದವರಿಗೆ ಶೇಂಗಾ, ಅಗಸೆ, ಗುರೆಳ್ಳು ಪುಡಿಗಳ ಬಗ್ಗೆ ಹೇಳಿಕೊಡಬೇಕಾಗಿಲ್ಲ. ಶೇಂಗಾದಲ್ಲಿ ಸುಮಾರು ಕಾಲುಭಾಗ ಸಸಾರಜನಕವಿದೆ. ಒಂದು ಬಟ್ಟಲು ಹುರಿದ ಶೇಂಗಾಕ್ಕೆ ಜೀರಿಗೆ, ಬೆಳ್ಳುಳ್ಳಿ, ಖಾರದಪುಡಿ ಹಾಕಿ. ಉಪ್ಪು ಕಾಲು ಚಮಚ ಸಾಕು. ಕಟ್ಟಿದ ಮೊಸರಿನಲ್ಲಿ ಕಲಸಿ ಹಚ್ಚಿ. ಬೂಷ್ಟು ಹಿಡಿದ ಶೇಂಗಾ ಮಾತ್ರ ಬೇಡ, ಅದರಲ್ಲಿ ಯಕೃತ್ತಿಗೆ ಹಾನಿ ಮಾಡುವ ವಿಷವಿರಬಹುದು.

ಬೇಕರಿಯ ಟೋಸ್ಟು: ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಖಾರದ ಟೋಸ್ಟನ್ನು ತಿನ್ನದವರು ಕಡಿಮೆ. ಅದನ್ನು ಮನೆಯಲ್ಲೇ ಮಾಡಿ. ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿಗಳನ್ನು ಒಂದು ಚಮಚ ಎಣ್ಣೆಯಲ್ಲಿ ಬಾಡಿಸಿ, ಅರಿಶಿನ, ಕೊತ್ತಂಬರಿ ಸೇರಿಸಿ, ಕಾವಲಿಯಲ್ಲಿ ಸುಟ್ಟ ಬ್ರೆಡ್ಡಿನ ಮೇಲೆ ಹರಡಿ.

ಕೋಸಂಬರಿ: ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಮಾವಿನಕಾಯಿ ತುರಿ. ನೀರನ್ನು ಚೆನ್ನಾಗಿ ಹಿಂಡಿ ತೆಗೆದು ಬ್ರೆಡ್ಡಿನ ನಡುವೆ ತುಂಬಿ. ಮಾವಿನಕಾಯಿಯ ಹುಳಿ ಇದ್ದರೆ ಉಪ್ಪು ಬೇಡ.

ಮಕ್ಕಳಿಗೆ ಜಾಮಿನ ಬದಲು ಬಾಳೆಹಣ್ಣಿನ ಬಿಲ್ಲೆ, ಮೇಲೆ ಶೇಂಗಾ ತರಿ, ಚಿಟಿಕೆ ಏಲಕ್ಕಿ. ಶೇಂಗಾ ಒಗ್ಗದ ಮಕ್ಕಳಿಗೆ ಅದನ್ನು ಬಿಡಿ.

ಕೆಲವು ಎಚ್ಚರಿಕೆಗಳು

1. ಕಾಯಿ ಚಟ್ನಿ, ಮೊಸರು, ಮೊಟ್ಟೆ ಇರುವ ಸ್ಯಾಂಡ್‌ವಿಚ್ಚನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಶಾಲೆಯ ಡಬ್ಬಿಗೆ ಬೆಣ್ಣೆ ಸವರಿ ಚಟ್ನಿಪುಡಿ ಉದುರಿಸಿದ ಬ್ರೆಡ್ಡು ಕ್ಷೇಮ.

2. ಹಸಿ ಸೊಪ್ಪು, ತರಕಾರಿಗಳನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ.

3. ಕಂದು ಬಣ್ಣದ ಬ್ರೆಡ್ಡೆಲ್ಲ ಗೋಧಿಯದಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಮೈದಾ ಮೊದಲಿದ್ದರೆ ಅದು ಮೈದಾ ಬ್ರೆಡ್ಡೇ.

4. ‘ಕಡಿಮೆ ಸೋಡಿಯಂ ಉಪ್ಪಿ’ನಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ಕಾಯಿಲೆಯವರು ಮತ್ತು ರಕ್ತದೊತ್ತಡದ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.

5. ಉಪ್ಪು ಕಡಿಮೆ ಮಾಡಿದೆನೆಂದು ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ.

ಉಪ್ಪನ್ನು ಒಂದೇ ದಿನಕ್ಕೆ ಬಿಡಬೇಕಾಗಿಲ್ಲ. ಸ್ವಲ್ಪ ಸ್ವಲ್ಪವೇ ಇಳಿಸಿದರೆ ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ಆಮೇಲೆ ಹಳೆಯ ಅಡುಗೆಯೇ ಉಪ್ಪೆನಿಸುತ್ತದೆ.

ಮೇಷ್ಟ್ರು ಚೀಸ್, ಸಾಸ್, ಉಪ್ಪಿನಕಾಯಿ ಮೂರನ್ನೂ ದಿನದ ತಿಂಡಿಯಿಂದ ತೆಗೆದರು. ಮೂರು ತಿಂಗಳ ನಂತರ ಅವರ ಒತ್ತಡ 136/84ಕ್ಕೆ ಬಂದಿತ್ತು. ನಾನು ಸೇರಿಸಿದ್ದ ಎರಡನೆಯ ಮಾತ್ರೆಯನ್ನು ನಾನೇ ನಿಲ್ಲಿಸಿದೆ. ಎಲ್ಲರಿಗೂ ಹೀಗೇ ಆಗುತ್ತದೆಂದು ಹೇಳಲಾರೆ. ಆದರೆ ಅಂದಿನಿಂದ, ಹೊಸ ಮಾತ್ರೆ ಬರೆಯುವ ಮುನ್ನ ಬೆಳಗಿನ ತಿಂಡಿ ಏನೆಂದು ಎಲ್ಲರನ್ನೂ ಕೇಳುತ್ತೇನೆ. ಮೇಷ್ಟ್ರು ಈಗ ಶೇಂಗಾ ಪುಡಿಯನ್ನು ತಾವೇ ಕುಟ್ಟಿಕೊಳ್ಳುತ್ತಾರೆ. ಕಳೆದ ಸಲ ಬಂದಾಗ ನನಗೂ ಒಂದು ಪುಟ್ಟ ಡಬ್ಬಿ ತಂದಿದ್ದರು. ಉಪ್ಪು ತುಸು ಕಡಿಮೆಯಿತ್ತು, ರುಚಿಗೇನೂ ಕೊರತೆಯಿರಲಿಲ್ಲ.