ಸಂಪರ್ಕದಂಡದ ಉದ್ದ

ದರ್ಜಿಯ ಅಂಗಡಿಯಲ್ಲಿ ಕಾಲಿನಿಂದ ತುಳಿಯುವ ಹೊಲಿಗೆಯ ಯಂತ್ರವನ್ನು ನೀವು ನೋಡಿರಬಹುದು. ದರ್ಜಿಯ ಪಾದವು ಮೆಟ್ಟುಹಲಗೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತದೆ. ಆದರೆ ಪಕ್ಕದಲ್ಲಿರುವ ಚಕ್ರವು ದುಂಡಗೆ ತಿರುಗುತ್ತದೆ. ಈ ಎರಡು ಚಲನೆಗಳ ನಡುವೆ ನಿಂತು ಒಂದನ್ನು ಇನ್ನೊಂದಾಗಿ ಮಾರ್ಪಡಿಸುವುದು ಒಂದು ತೆಳುವಾದ ಕಬ್ಬಿಣದ ಸರಳು. ಅದು ಕಳಚಿದರೆ ದರ್ಜಿಯು ಎಷ್ಟು ತುಳಿದರೂ ಚಕ್ರವು ತಿರುಗದು. ಮೋಟಾರು ವಾಹನದ ಎಂಜಿನಿನಲ್ಲಿ ಇದೇ ಕೆಲಸವನ್ನು ಮಾಡುವ ಭಾಗಕ್ಕೆ ಕನೆಕ್ಟಿಂಗ್ ರಾಡ್ ಅಥವಾ ಸಂಪರ್ಕದಂಡ ಎಂದು ಹೆಸರು.

ಈ ಕಲ್ಪನೆಯು ಬಹು ಪ್ರಾಚೀನವಾದುದು. ಇಂದಿನ ತುರ್ಕಿಯಲ್ಲಿರುವ ಹೈರಾಪೊಲಿಸ್ ಎಂಬ ಹಳೆಯ ನಗರದ ಒಂದು ಕಲ್ಲಿನ ಶವಪೆಟ್ಟಿಗೆಯ ಮೇಲೆ, ನೀರಿನ ಬಲದಿಂದ ನಡೆಯುವ ಗರಗಸದ ಚಿತ್ರವನ್ನು ಕ್ರಿಸ್ತಶಕ 3ನೆಯ ಶತಮಾನದಲ್ಲಿ ಕೆತ್ತಲಾಗಿದೆ. ಚಕ್ರದ ತಿರುಗುವಿಕೆಯನ್ನು ಗರಗಸದ ಹಿಂದುಮುಂದಿನ ಚಲನೆಯಾಗಿಸುವ ದಂಡಗಳು ಅದರಲ್ಲಿ ಕಾಣುತ್ತವೆ. ಇಂಗ್ಲೆಂಡಿನ ಜೇಮ್ಸ್ ಪಿಕಾರ್ಡನು 1780ರಲ್ಲಿ ಆವಿಯ ಯಂತ್ರಕ್ಕೆ ಕ್ರ್ಯಾಂಕನ್ನು ಬಳಸುವ ಹಕ್ಕುಪತ್ರವನ್ನು ಪಡೆದುದರಿಂದ, ಜೇಮ್ಸ್ ವಾಟನಂಥ ಮೇಧಾವಿಯೂ 1781ರಲ್ಲಿ ಹಲ್ಲುಚಕ್ರಗಳ ಬೇರೊಂದು ಉಪಾಯವನ್ನು ಹುಡುಕಬೇಕಾಯಿತು.

ಎಂಜಿನಿನ ಸಿಲಿಂಡರಿನಲ್ಲಿ ಪಿಸ್ಟನ್ನು ಮೇಲೆ ಕೆಳಗೆ ಚಲಿಸುತ್ತದೆ. ಕೆಳಗೆ ಕ್ರ್ಯಾಂಕ್ ಶಾಫ್ಟ್ ತಿರುಗುತ್ತದೆ. ಇವೆರಡನ್ನೂ ಸಂಪರ್ಕದಂಡವು ಜೋಡಿಸುತ್ತದೆ. ಪಿಸ್ಟನ್ನು ಮೇಲಿನ ತುದಿಯಿಂದ ಕೆಳಗಿನ ತುದಿಗೆ ಚಲಿಸುವ ದೂರಕ್ಕೆ ಹೊಡೆತ ಎನ್ನುತ್ತಾರೆ. ದಂಡವನ್ನು ಉದ್ದ ಮಾಡಿದರೆ ಹೊಡೆತವೂ ಉದ್ದವಾಗುತ್ತದೆ ಎಂದು ಅನೇಕರು ಭಾವಿಸುವುದುಂಟು. ಇದು ನಿಜವೇ? ಕೈವಾರವನ್ನು ಹಿಡಿದು ನಾವೇ ಪರೀಕ್ಷಿಸೋಣ.

ಕಾಗದದ ಕೆಳಭಾಗದಲ್ಲಿ 4 ಸೆಂಟಿಮೀಟರ್ ತ್ರಿಜ್ಯದ ಒಂದು ವೃತ್ತವನ್ನು ಬರೆಯಿರಿ. ಕೇಂದ್ರದ ಮೂಲಕ ಮೇಲಕ್ಕೆ ಒಂದು ನೇರ ಗೆರೆಯನ್ನು ಎಳೆಯಿರಿ. ವೃತ್ತವು ಕ್ರ್ಯಾಂಕಿನ ಹಾದಿ. ಗೆರೆಯು ಪಿಸ್ಟನ್ನಿನ ಹಾದಿ. ಕೈವಾರವನ್ನು 12 ಸೆಂಟಿಮೀಟರಿಗೆ ಅಗಲಿಸಿ, ಅದರ ಮೊನೆಯನ್ನು ಮೊದಲು ವೃತ್ತದ ಮೇಲ್ತುದಿಯಲ್ಲಿ, ಅನಂತರ ಬಲತುದಿಯಲ್ಲಿ, ಕೊನೆಗೆ ಕೆಳತುದಿಯಲ್ಲಿ ಇಟ್ಟು, ಪ್ರತಿಸಲವೂ ವೃತ್ತದಿಂದ ಮೇಲೆ ಗೆರೆಯನ್ನು ಕತ್ತರಿಸಿ ಗುರುತು ಮಾಡಿರಿ. ಮೊದಲ ಗುರುತಿನಿಂದ ಎರಡನೆಯದಕ್ಕೆ 4.7 ಸೆಂಟಿಮೀಟರ್, ಎರಡನೆಯದರಿಂದ ಮೂರನೆಯದಕ್ಕೆ 3.3 ಸೆಂಟಿಮೀಟರ್ ಇರುವುದು. ಈಗ ಕೈವಾರವನ್ನು 16 ಸೆಂಟಿಮೀಟರಿಗೆ ಅಗಲಿಸಿ ಹೀಗೆಯೇ ಮಾಡಿದರೆ 4.5 ಮತ್ತು 3.5 ದೊರೆಯುವುವು. ಎರಡು ಸಲವೂ ಒಟ್ಟು ದೂರ 8 ಸೆಂಟಿಮೀಟರೇ. ಹೊಡೆತವನ್ನು ನಿರ್ಧರಿಸುವುದು ಕ್ರ್ಯಾಂಕೇ ಹೊರತು ದಂಡವಲ್ಲ. ಆದರೆ ಆ ದೂರವನ್ನು ಪಿಸ್ಟನ್ನು ಹೇಗೆ ಕ್ರಮಿಸುತ್ತದೆ ಎಂಬುದು ದಂಡದ ಉದ್ದವನ್ನು ಅವಲಂಬಿಸಿದೆ. ದಂಡವು ಗಿಡ್ಡವಾದಷ್ಟೂ ಪಿಸ್ಟನ್ನು ಮೇಲಿನ ತುದಿಯಿಂದ ಬೇಗನೆ ಧಾವಿಸುತ್ತದೆ.

ಈ ವ್ಯತ್ಯಾಸವು ಅಲ್ಪವೆಂದು ತೋರಬಹುದು. ಆದರೆ 80 ಮಿಲಿಮೀಟರ್ ಹೊಡೆತವೂ 120 ಮಿಲಿಮೀಟರ್ ದಂಡವೂ ಉಳ್ಳ ಎಂಜಿನ್ನು ನಿಮಿಷಕ್ಕೆ 6,000 ಸುತ್ತು ತಿರುಗುವಾಗ, ಮೇಲಿನ ತುದಿಯಲ್ಲಿ ಪಿಸ್ಟನ್ನಿನ ವೇಗೋತ್ಕರ್ಷವು ಗುರುತ್ವ ವೇಗೋತ್ಕರ್ಷದ 2,100 ಪಟ್ಟನ್ನು ಮೀರುತ್ತದೆ. ಅರ್ಧ ಕಿಲೋಗ್ರಾಂ ತೂಕದ ಪಿಸ್ಟನ್ನು ಆಗ ಒಂದು ಟನ್ನಿಗಿಂತ ಹೆಚ್ಚು ಬಲದಿಂದ ದಂಡವನ್ನು ಜಗ್ಗುತ್ತದೆ! ದಂಡವು 160 ಮಿಲಿಮೀಟರ್ ಇದ್ದರೆ ಈ ಜಗ್ಗುವಿಕೆಯು ನೂರಕ್ಕೆ ಸುಮಾರು 6 ಪಾಲು ಕಡಿಮೆಯಾಗುತ್ತದೆ. ಇದಲ್ಲದೆ ಗಿಡ್ಡ ದಂಡವು ಹೆಚ್ಚು ಓರೆಯಾಗಿ ನಿಲ್ಲುವುದರಿಂದ ಪಿಸ್ಟನ್ನನ್ನು ಸಿಲಿಂಡರಿನ ಗೋಡೆಗೆ ಹೆಚ್ಚಾಗಿ ಒತ್ತುತ್ತದೆ. ನಮ್ಮ ಉದಾಹರಣೆಯಲ್ಲಿ ಗಿಡ್ಡ ದಂಡದ ಗರಿಷ್ಠ ಓರೆ 19.5 ಡಿಗ್ರಿ, ಉದ್ದನೆಯದರದು 14.5 ಡಿಗ್ರಿ. ಒತ್ತಡವು ಹೆಚ್ಚಿದಂತೆ ಘರ್ಷಣೆಯೂ ಸವೆತವೂ ಹೆಚ್ಚುತ್ತವೆ.

ಹಾಗಾದರೆ ಎಲ್ಲ ಎಂಜಿನುಗಳಿಗೂ ಉದ್ದನೆಯ ದಂಡವನ್ನೇ ಏಕೆ ಹಾಕಬಾರದು? ಇದಕ್ಕೆ ಉತ್ತರವನ್ನು ಅಮೆರಿಕದ ಷೆವ್ರೊಲೆ ಕಾರ್ಖಾನೆಯ ಒಂದು ಪ್ರಸಿದ್ಧ ಎಂಜಿನಿನಲ್ಲಿ ಕಾಣಬಹುದು. 350 ಘನ ಅಂಗುಲದ ಈ ಎಂಜಿನ್ನು 1967ರ ಮಾದರಿಯ ಕಾರುಗಳಲ್ಲಿ ಮೊದಲು ಬಂದಿತು. ಕ್ರ್ಯಾಂಕ್ ಶಾಫ್ಟಿನ ಕೇಂದ್ರದಿಂದ ಬ್ಲಾಕಿನ ಮೇಲ್ಮೈಗೆ ಅದರ ಎತ್ತರ 229.2 ಮಿಲಿಮೀಟರ್. ಇಷ್ಟರೊಳಗೆ ಹೊಡೆತದ ಅರ್ಧ 44.2, ದಂಡ 144.8, ಪಿನ್ನಿನಿಂದ ಮೇಲಿನ ಪಿಸ್ಟನ್ನು 39.6 ಮಿಲಿಮೀಟರ್ ಅಡಗಿವೆ. ಉಳಿಯುವ ತೆರವು ಕೇವಲ 0.6 ಮಿಲಿಮೀಟರ್. ಒಂದು ಭಾಗವು ಬೆಳೆದರೆ ಇನ್ನೊಂದು ಕುಗ್ಗಲೇಬೇಕು.

ಅದೇ ಎತ್ತರದ ಬ್ಲಾಕಿನಲ್ಲಿ 400 ಘನ ಅಂಗುಲದ ಎಂಜಿನ್ನನ್ನು 1970ರಲ್ಲಿ ತಯಾರಿಸಿದಾಗ ಹೊಡೆತವನ್ನು 95.25 ಮಿಲಿಮೀಟರಿಗೆ ಹೆಚ್ಚಿಸಲಾಯಿತು. ಅಂದರೆ ಪಿಸ್ಟನ್ನು 3.4 ಮಿಲಿಮೀಟರ್ ಮೇಲೇರುತ್ತಿತ್ತು. ಇದನ್ನು ಸರಿತೂಗಿಸಲು ನಿರ್ಮಾಪಕರು ದಂಡವನ್ನು ಅಷ್ಟೇ ಗಿಡ್ಡಮಾಡಿ 141.4 ಮಿಲಿಮೀಟರಿಗೆ ಇಳಿಸಿದರು. ಲೆಕ್ಕವು ಸರಿಹೋಯಿತು, ಓರೆಯು ಮಾತ್ರ ಹೆಚ್ಚಾಯಿತು. ಮುಂದೆ ಎಂಜಿನ್ ಕಟ್ಟುವ ಕುಶಲಿಗಳು 400ರ ಹೊಡೆತವನ್ನು 350ರ ಬ್ಲಾಕಿಗೆ ತಂದು, 152.4 ಮಿಲಿಮೀಟರ್ ದಂಡವನ್ನು ಹಾಕುವುದನ್ನೂ ರೂಢಿಸಿಕೊಂಡರು. ಓರೆಯು ತಗ್ಗಿತು; ಆದರೆ ಪಿನ್ನಿನ ಮೇಲೆ ಪಿಸ್ಟನ್ನಿಗೆ ಉಳಿದುದು ಸುಮಾರು 28.6 ಮಿಲಿಮೀಟರ್. ಅಷ್ಟು ಗಿಡ್ಡ ಪಿಸ್ಟನ್ನಿನಲ್ಲಿ ರಿಂಗುಗಳಿಗೆ ಸ್ಥಳವು ಸಾಲದೆ, ಎಣ್ಣೆಯ ರಿಂಗಿನ ಕಚ್ಚಿನೊಳಕ್ಕೆ ಪಿನ್ನು ಬಂದುಬಿಡುತ್ತದೆ.

ಈ ಕೂಡಿಸುವ ಲೆಕ್ಕವನ್ನು ಮಾಡದೆ, ಉದ್ದ ಹೊಡೆತದ ಕ್ರ್ಯಾಂಕಿಗೆ ಹಳೆಯ ದಂಡವನ್ನೂ ಹಳೆಯ ಪಿಸ್ಟನ್ನನ್ನೂ ಜೋಡಿಸಿದರೆ ಏನಾಗುವುದು? ಪಿಸ್ಟನ್ನು ಬ್ಲಾಕಿನ ಮೇಲ್ಮೈಯಿಂದ 2.8 ಮಿಲಿಮೀಟರ್ ಹೊರಚಾಚಿ ಸಿಲಿಂಡರಿನ ಮುಚ್ಚಳಕ್ಕೆ ಬಡಿಯುವುದು. ತಿಂಗಳುಗಳ ಶ್ರಮವೂ ಹಣವೂ ಮೊದಲನೆಯ ಸುತ್ತಿನಲ್ಲಿಯೇ ಹಾಳಾಗುವುವು. ಆದುದರಿಂದ ನುರಿತ ಕುಶಲಿಯು ಸ್ಪ್ಯಾನರನ್ನು ಹಿಡಿಯುವ ಮೊದಲು ಅಳತೆಯ ಸಾಧನವನ್ನು ಹಿಡಿಯುತ್ತಾನೆ.

ದಂಡದ ಉದ್ದವೊಂದನ್ನೇ ಬದಲಿಸಿದರೆ ಎಂಜಿನಿನ ಶಕ್ತಿಯು ಬಹಳ ಹೆಚ್ಚುವುದಿಲ್ಲ. ಗಾಳಿಯ ಹಾದಿ, ಕವಾಟಗಳು, ಇಂಧನದ ಪ್ರಮಾಣ ಇವುಗಳ ಪಾತ್ರವೇ ಹಿರಿದು. ಆದರೂ ಆ ಉದ್ದವು ಬ್ಲಾಕಿನ ಎತ್ತರ, ಪಿಸ್ಟನ್ನಿನ ಆಕಾರ, ಗೋಡೆಯ ಸವೆತ ಎಲ್ಲವನ್ನೂ ಮುಟ್ಟುತ್ತದೆ. ಒಂದು ಭಾಗಕ್ಕೆ ಕೊಟ್ಟ ಸ್ಥಳವನ್ನು ಇನ್ನೊಂದರಿಂದ ತೆಗೆದುಕೊಳ್ಳಬೇಕಾಗುತ್ತದೆ. ಎಷ್ಟು ಕೊಡಬೇಕು, ಎಷ್ಟು ತೆಗೆಯಬೇಕು ಎಂಬುದನ್ನು ಅಳೆದು ತೂಗಿ ನಿರ್ಧರಿಸುವುದೇ ಯಂತ್ರಶಿಲ್ಪಿಯ ವಿವೇಕ.

ಅಭ್ಯಾಸ

1. ಸಂಪರ್ಕದಂಡದ ಉದ್ದವು ಹೊಡೆತವನ್ನು ಬದಲಿಸುವುದಿಲ್ಲ ಎಂಬುದನ್ನು ಚಿತ್ರ ಬರೆದು ತೋರಿಸಿರಿ.
2. ಗಿಡ್ಡ ದಂಡದಿಂದ ಸಿಲಿಂಡರಿನ ಗೋಡೆಯು ಹೆಚ್ಚು ಸವೆಯುವುದೇಕೆ?
3. ಬ್ಲಾಕಿನ ಎತ್ತರವನ್ನು ಬದಲಿಸದೆ ದಂಡವನ್ನು ಉದ್ದಗೊಳಿಸಿದರೆ ಪಿಸ್ಟನ್ನಿನಲ್ಲಿ ಯಾವ ಮಾರ್ಪಾಟು ಅಗತ್ಯವಾಗುತ್ತದೆ? ವಿವರಿಸಿರಿ.