ಡಾಕ್ಟರಿಗೆ ನಿಮ್ಮ ಕೆಲಸದ ಚರಿತ್ರೆಯನ್ನೂ ಹೇಳಿ

ಕ್ಲಿನಿಕ್ಕಿನ ಫಾರಂನಲ್ಲಿ ತಾಯಿ, ಅಕ್ಕತಂಗಿಯರ ಕಾಯಿಲೆ ಬರೆಯಲು ಉದ್ದದ ಜಾಗ. ಉದ್ಯೋಗಕ್ಕೆ ಹೆಚ್ಚೆಂದರೆ ಒಂದು ಗೆರೆ. ಮಿಷಿಗನ್ನಿನ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿದ್ದು ಕಾರಿನ ಬಿಡಿಭಾಗಗಳ ಪ್ಲಾಂಟು, ಲ್ಯಾಬುಗಳಲ್ಲಿ ದುಡಿಯುವ ಹೆಂಗಸರಿಗೆ ಆ ಒಂದು ಗೆರೆ ಸಾಲದು.

ಡೆಟ್ರಾಯಿಟ್ ನದಿಯಾಚೆ ವಿಂಡ್ಸರ್ ಸುತ್ತಲಿನ ಎಸೆಕ್ಸ್, ಕೆಂಟ್ ಕೌಂಟಿಗಳಲ್ಲಿ ಸಂಶೋಧಕರಾದ ಜೇಮ್ಸ್ ಬ್ರೋಫಿ, ಮಾರ್ಗರೆಟ್ ಕೀತ್ ಮತ್ತು ಸಂಗಡಿಗರು ಸ್ತನ ಕ್ಯಾನ್ಸರ್ ಬಂದ 1,006 ಹಾಗೂ ಬಾರದ 1,147 ಹೆಂಗಸರ ಇಡೀ ಉದ್ಯೋಗ ಚರಿತ್ರೆಯನ್ನು ಕೇಳಿ ಬರೆದುಕೊಂಡರು. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕ್ಯಾನ್ಸರ್‌ಕಾರಕಗಳು ಮತ್ತು ಹಾರ್ಮೋನನ್ನು ಅನುಕರಿಸುವ ರಾಸಾಯನಿಕಗಳ ಸಂಪರ್ಕ ಹೆಚ್ಚಿರುವ ಕೆಲಸದಲ್ಲಿ ಹತ್ತು ವರ್ಷ ಕಳೆದವರಿಗೆ ಅಪಾಯ ಶೇ 42ರಷ್ಟು ಹೆಚ್ಚು. ಕಾರಿನ ಪ್ಲಾಸ್ಟಿಕ್ ವಿಭಾಗದಲ್ಲಿದ್ದವರಲ್ಲಿ ಮುಟ್ಟು ನಿಲ್ಲುವ ಮೊದಲೇ ಬರುವ ಕ್ಯಾನ್ಸರಿನ ಅಪಾಯ ಐದು ಪಟ್ಟಿಗೆ ಹತ್ತಿರ. ಈ ಕೊನೆಯ ಅಂಕಿ ಸಣ್ಣ ಗುಂಪಿನದು. ಗಾಬರಿಗೆ ಕಾರಣವಲ್ಲ, ಎಚ್ಚರಕ್ಕೆ ಸಾಕು.

ಮೊದಲು ಒಂದು ಹಾಳೆಯಲ್ಲಿ ಬರೆಯಿರಿ: ಯಾವ ವರ್ಷದಿಂದ ಯಾವ ವರ್ಷದವರೆಗೆ, ಎಲ್ಲಿ, ಯಾವ ಯಂತ್ರದ ಬಳಿ, ಏನು ಕರಗುತ್ತಿತ್ತು, ರಾತ್ರಿ ಪಾಳಿ ಇತ್ತೇ. ಇಲ್ಲಿಗೆ ಬರುವ ಮೊದಲು ಬೆಂಗಳೂರು, ಪುಣೆಯಲ್ಲಿ ಮಾಡಿದ ಕೆಲಸವನ್ನೂ ಸೇರಿಸಿ.

ಆಮೇಲೆ ಪ್ಲಾಂಟಿನಲ್ಲಿ ಬಳಸುವ ರಾಸಾಯನಿಕಗಳ ಸೇಫ್ಟಿ ಡೇಟಾ ಶೀಟ್ ಕೇಳಿ. ಅದರ 16 ಭಾಗಗಳನ್ನೂ ಓದುತ್ತ ಕೂರಬೇಕಿಲ್ಲ. ಎರಡರಲ್ಲಿ ಅಪಾಯ, ಮೂರರಲ್ಲಿ ಒಳಗಿರುವ ವಸ್ತು, ಎಂಟರಲ್ಲಿ ರಕ್ಷಣೆ, ಹನ್ನೊಂದರಲ್ಲಿ ವಿಷಗುಣ ಇರುತ್ತದೆ. ಹಾರ್ಮೋನಿನ ಮಾತು ಅಲ್ಲಿ ಕಾಣದಿದ್ದರೆ ಅಪಾಯವೇ ಇಲ್ಲವೆಂದುಕೊಳ್ಳಬೇಡಿ. ಅಮೆರಿಕದ ನಿಯಮದಲ್ಲಿ ಅದಕ್ಕೆ ಪ್ರತ್ಯೇಕ ವರ್ಗವೇ ಇಲ್ಲ. ರಾಸಾಯನಿಕದ ಗುರುತಿನ ಸಂಖ್ಯೆಯಾದ ಸಿಎಎಸ್ ನಂಬರ್ ಬರೆದುಕೊಂಡರೆ ಬಿಸ್ಫೆನಾಲ್ ಎ, ಥಾಲೇಟ್‌ಗಳಂಥವನ್ನು ಹುಡುಕಬಹುದು.

ಇನ್ನು ಹೊಗೆ. ಪ್ಲಾಸ್ಟಿಕ್ ಅಚ್ಚೊತ್ತುವ ಯಂತ್ರದಲ್ಲಿ ಬಣ್ಣ ಬದಲಿಸುವಾಗ ಹಳೆಯ ಪ್ಲಾಸ್ಟಿಕ್ಕನ್ನು ಮೂತಿಯಿಂದ ಹೊರತಳ್ಳುತ್ತಾರೆ. ಬಿಸಿ ಮುದ್ದೆ ಹೊಗೆಯಾಡುತ್ತ ಬಿದ್ದಿರುತ್ತದೆ. ಆಗ ಪಕ್ಕದಲ್ಲಿ ನಿಲ್ಲಬೇಡಿ. ಹೊಗೆಯನ್ನು ಹುಟ್ಟಿದಲ್ಲೇ ಎಳೆದುಕೊಳ್ಳುವ ವ್ಯವಸ್ಥೆ ಬೇಕು. ಫ್ಯಾನು ಅದನ್ನು ನಿಮ್ಮಿಂದ ಪಕ್ಕದವಳ ಮುಖಕ್ಕೆ ದಾಟಿಸುತ್ತದೆ, ಅಷ್ಟೆ. ಎನ್95 ಮಾಸ್ಕ್ ಕಣಗಳನ್ನು ತಡೆದೀತು, ಆವಿಯನ್ನಲ್ಲ.

ಗಾಳಿಯ ಪರೀಕ್ಷೆ ನಡೆದಿದ್ದರೆ ಆ ದಾಖಲೆ ಕೇಳುವ ಹಕ್ಕು ನಿಮಗಿದೆ. ಸಾಮಾನ್ಯವಾಗಿ 15 ಕೆಲಸದ ದಿನಗಳಲ್ಲಿ ಕೊಡಬೇಕು. ಇಂಥ ದಾಖಲೆಗಳನ್ನು 30 ವರ್ಷ ಇಟ್ಟಿರಬೇಕೆಂಬ ನಿಯಮವಿರುವುದರಿಂದ ಬಿಟ್ಟುಬಂದ ಕಂಪನಿಯನ್ನೂ ಕೇಳಬಹುದು. ಎಚ್-1ಬಿಯಲ್ಲಿರುವವರು ಹಿಂಜರಿಯುವುದು ಅರ್ಥವಾಗುತ್ತದೆ, ಆದರೆ ಈ ಹಕ್ಕಿಗೂ ವೀಸಾಕ್ಕೂ ಸಂಬಂಧವಿಲ್ಲ. ಕೇಳಿದ್ದಕ್ಕೆ ಕಿರುಕುಳವಾದರೆ ಮಿಷಿಗನ್ ರಾಜ್ಯದ ಕೆಲಸದ ಸುರಕ್ಷತಾ ಸಂಸ್ಥೆಯಾದ ಮಿಯೋಷಾಗೆ 30 ದಿನದೊಳಗೆ ದೂರು ಕೊಡಿ.

ಮೊದಲು ಬರೆದ ಆ ಹಾಳೆಯ ಪ್ರತಿಯನ್ನು ಡಾಕ್ಟರ ಕಡತಕ್ಕೆ ಸೇರಿಸಲು ಹೇಳಿ. ಸಾಮಾನ್ಯ ಅಪಾಯದವರಿಗೆ 40ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ ಎಂಬುದು ಅಮೆರಿಕದ ತಜ್ಞರ ಕಾರ್ಯಪಡೆಯ 2024ರ ಸಲಹೆ. ಮನೆತನದಲ್ಲಿ ಕಾಯಿಲೆಯಿದ್ದರೆ ಮೊದಲೇ ಶುರುಮಾಡಬೇಕೇ ಎಂದು ಕೇಳಿ. ಬಸುರಿಯಾಗಿದ್ದರೆ, ಆಗುವ ಯೋಚನೆಯಿದ್ದರೆ ಅದನ್ನೂ ಈಗಲೇ ತಿಳಿಸಿ. ಸ್ತನದಲ್ಲಿ ಗಂಟು ಕೈಗೆ ಸಿಕ್ಕರೆ ಮುಂದಿನ ಮ್ಯಾಮೊಗ್ರಾಮ್‌ವರೆಗೆ ಕಾಯಬೇಡಿ, ಆ ವಾರವೇ ಹೋಗಿ.