ಬಣವೆ ತುಂಬಾ ಹುಲ್ಲಿದ್ದರೂ ಹಾಲಿನ ಡಿಗ್ರಿ ಏಕೆ ಬೀಳುತ್ತೆ?

"ಒಂದು ಹನಿ ನೀರು ಹಾಕಿಲ್ಲ, ಆದ್ರೂ ಡಿಗ್ರಿ ಬರ್ತಿಲ್ಲ." ಬೇಸಿಗೆ ಬಂತೆಂದರೆ ಹರಿಹರ, ಮಲೇಬೆನ್ನೂರು ಕಡೆಯ ಹೈನುಗಾರರ ಬಾಯಲ್ಲಿ ಇದೇ ಮಾತು. ಡೇರಿ ಮುಂದೆ ಸಾಲಾಗಿ ನಿಂತ ಊರವರ ಎದುರು ಹಾಲು ವಾಪಸ್ ಬಂದರೆ ಮೊದಲು ಹೋಗುವುದು ಮರ್ಯಾದೆ. ದುಡ್ಡೂ ಹೋಗುತ್ತೆ. ಕೆಎಂಎಫ್ ಸಂಘಗಳಲ್ಲಿ ದರದ ಲೆಕ್ಕ ನಿಂತಿರುವುದು ಶೇ. 3.5 ಜಿಡ್ಡು ಮತ್ತು ಶೇ. 8.5 ಎಸ್‌ಎನ್‌ಎಫ್, ಅಂದರೆ ಜಿಡ್ಡೇತರ ಘನಾಂಶದ ಮೇಲೆ. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನವೂ ಸಂಘ ತೆಗೆದುಕೊಂಡ ಹಾಲಿಗೆ ಮಾತ್ರ.

ನೀರು ಬೆರೆಸದಿದ್ದರೂ ಡಿಗ್ರಿ ಬೀಳಬಹುದು. ಆಗಷ್ಟೇ ಕರೆದ, ನೊರೆಯಿರುವ ಬಿಸಿ ಹಾಲಿನಲ್ಲಿ ಲ್ಯಾಕ್ಟೋಮೀಟರ್ ಕಡಿಮೆಯೇ ತೋರಿಸುತ್ತೆ. ಸ್ವಲ್ಪ ಹೊತ್ತು ಬಿಟ್ಟು, ನೊರೆ ಇಳಿದು ಹಾಲು ತಣ್ಣಗಾದ ಮೇಲೆ ಮನೆಯಲ್ಲೇ ಒಮ್ಮೆ ನೋಡಿ. ಹಸುವಿನ ಹಾಲು ಸಾಮಾನ್ಯವಾಗಿ 28ರಿಂದ 32ರೊಳಗೆ ಬರಬೇಕು. ಆಗಲೂ ಬರಲಿಲ್ಲ ಅಂದರೆ ಗೋದಲಿ ಕಡೆ ನೋಡಬೇಕು. ಡಿಗ್ರಿ ಏರಿಸೋಕೆ ಉಪ್ಪು, ಸಕ್ಕರೆ ಹಾಕೋ ಉಪಾಯ ಹೇಳುವವರು ಪ್ರತಿ ಊರಲ್ಲೂ ಇದ್ದಾರೆ. ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳುತ್ತೆ, ಅವರ ಮಾತು ಕೇಳಬೇಡಿ.

ಭದ್ರಾ ನಾಲೆಯ ಈ ಸೀಮೆಯಲ್ಲಿ ಮೇವಿಗೆ ಬರ ಇಲ್ಲ ಅನ್ನೋ ಭಾವನೆ ಇದೆ. ಭತ್ತದ ಹುಲ್ಲು ರೋಲ್ ರೋಲಾಗಿ ಸಿಗುತ್ತೆ, ಕಬ್ಬು ಕಡಿಯುವಾಗ ಸೋಗೆ ಸಿಗುತ್ತೆ, ರೈಸ್‌ಮಿಲ್ಲುಗಳಿಂದ ತೌಡು ಬರುತ್ತೆ. ಹೊಟ್ಟೆ ತುಂಬೋಕೆ ಇಷ್ಟು ಸಾಕು. ಹಾಲಿಗೆ ಸಾಲದು. ಲೆಕ್ಕ ಹಾಕಿ ನೋಡಿ. ಹತ್ತು ಲೀಟರ್ ಕೊಡುವ ಹಸು ದಿನಕ್ಕೆ ಹಾಲಿನಲ್ಲೇ 300 ಗ್ರಾಂಗೂ ಹೆಚ್ಚು ಪ್ರೋಟೀನ್ ಹೊರಗೆ ಹಾಕುತ್ತೆ. ಭತ್ತದ ಹುಲ್ಲಿನಲ್ಲಿರುವುದು ಶೇ. 3ರಿಂದ 4. ಆರು ಕೆ.ಜಿ. ತಿಂದರೂ ಸುಮಾರು 200 ಗ್ರಾಂ, ಅದರಲ್ಲೂ ಜೀರ್ಣವಾಗುವುದು ಬಹಳ ಕಡಿಮೆ. ಪ್ರೋಟೀನ್ ಮತ್ತು ಶಕ್ತಿ ಎರಡೂ ಸಾಲದಾದಾಗ ಹಸು ಮೊದಲು ಮೈ ಇಳಿಯುತ್ತೆ, ಜೊತೆಗೆ ಎಸ್‌ಎನ್‌ಎಫ್ ಇಳಿಯುತ್ತೆ.

ಇನ್ನೊಂದು ತೊಂದರೆ ಕಣ್ಣಿಗೆ ಕಾಣಲ್ಲ. ಭತ್ತದ ಹುಲ್ಲು, ಕಬ್ಬಿನ ಸೋಗೆ ಎರಡರಲ್ಲೂ ಆಕ್ಸಲೇಟ್ ಇದೆ. ಇದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಸಗಣಿಯಲ್ಲಿ ಕಳಿಸುತ್ತೆ. ತೌಡಿನಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಹಸಿರು ಬೇಕು ಅಂತ ನೇಪಿಯರ್ ಹಾಕಿದರೆ ಅದರಲ್ಲೂ ಆಕ್ಸಲೇಟ್! ಅಂದರೆ ನಮ್ಮಲ್ಲಿ ಸುಲಭವಾಗಿ ಸಿಗುವ ನಾಲ್ಕೂ ಒಂದೇ ಕಡೆ ಎಳೆಯುತ್ತವೆ. ಹಾಲಿನ ಕ್ಯಾಲ್ಸಿಯಂ ಅಷ್ಟು ಬೇಗ ಕಡಿಮೆಯಾಗಲ್ಲ, ಹಸು ತನ್ನ ಮೂಳೆಯಿಂದ ತೆಗೆದು ಕೊಡುತ್ತೆ. ಕರು ಹಾಕಿದ ಕೂಡಲೇ ನೆಲ ಹಿಡಿಯುವ ಹಾಲು ಜ್ವರಕ್ಕೆ ಇದೂ ದಾರಿ. ಹಾಗಾಗಿ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ನಮ್ಮ ಕಡೆಯ ಕರೆಯುವ ಹಸುವಿಗೆ ಬೇಕೇ ಬೇಕು. ಹಿಂಡಿಯಲ್ಲಿ ಕಲಸಿ ಕೊಡಿ.

ಪ್ರೋಟೀನಿಗೆ ಅಗ್ಗದ ದಾರಿ ಅಲಸಂದೆ. ಹತ್ತು ಕೆ.ಜಿ. ಹಸಿ ಅಲಸಂದೆಯಲ್ಲಿ ಆರು ಕೆ.ಜಿ. ಭತ್ತದ ಹುಲ್ಲಿನಷ್ಟೇ ಪ್ರೋಟೀನ್ ಇದೆ, ಆದರೆ ಇದು ಚೆನ್ನಾಗಿ ಜೀರ್ಣವಾಗುವಂಥದ್ದು. ಹತ್ತು ಗುಂಟೆಗೆ ನಾಲ್ಕು ಕೆ.ಜಿ. ಬೀಜ ಸಾಕು, ಹೂ ಬಿಡುವ ಹೊತ್ತಿಗೆ, 55–60 ದಿನಕ್ಕೆ, ಕೊಯ್ಯಬಹುದು. ಪೂರ್ತಿ ಒಂದೇ ಸಲ ಬಿತ್ತಬೇಡಿ. ನಾಲ್ಕು ಪಟ್ಟಿ ಮಾಡಿ ಹದಿನೈದು ದಿನಕ್ಕೊಂದು ಬಿತ್ತಿ. ಕೊಯ್ದದ್ದನ್ನು ಅರ್ಧ ದಿನ ಬಾಡಿಸಿ, ಕತ್ತರಿಸಿದ ಹುಲ್ಲಿನ ಜೊತೆ ಬೆರೆಸಿ. ಹಸಿಯಾಗಿ ಬರೀ ಅದನ್ನೇ ಹಾಕಿದರೆ ಹೊಟ್ಟೆ ಉಬ್ಬರಿಸುತ್ತೆ. ದೇವರಬೆಳಕೆರೆಯಿಂದ ಆಚೆ, ನಾಲೆಯ ಕೊನೆ ಭಾಗದಲ್ಲಿ ನೀರು ನಂಬೋ ಹಾಗಿಲ್ಲದಿದ್ದರೆ ಬದುವಿನ ಮೇಲೆ ಅಗಸೆ, ನುಗ್ಗೆ ಇರಲಿ. ಭತ್ತದ ಹುಲ್ಲಿಗೆ ಯೂರಿಯಾ ಉಪಚಾರವೂ ಇದೆ: 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾ, 50 ಲೀಟರ್ ನೀರಿನಲ್ಲಿ ಕರಗಿಸಿ ಚಿಮುಕಿಸಿ, 21 ದಿನ ಗಾಳಿಯಾಡದಂತೆ ಮುಚ್ಚುವುದು. ಕೆಲಸ ಮಾಡುವ ಪದ್ಧತಿಯೇ, ಆರು ತಿಂಗಳೊಳಗಿನ ಕರುಗಳಿಗೆ ಮಾತ್ರ ಕೊಡಬಾರದು. ಸಾವಯವ ಪ್ರಮಾಣಪತ್ರದ ಜಮೀನಿಗೆ ಅದು ಒಪ್ಪಿಗೆಯಿಲ್ಲ. ನಾನಂತೂ ಅಲಸಂದೆಯ ಕಡೆಯವನು, ಏಕೆಂದರೆ ಅದರ ಬೇರಿನಿಂದ ಗದ್ದೆಗೂ ಸಾರಜನಕ ಸಿಗುತ್ತೆ.

ಹಿಂಡಿ ಮೈಗೆ ಒಂದೂವರೆ ಕೆ.ಜಿ., ಹಾಲಿಗೆ ಲೀಟರಿಗೆ 400 ಗ್ರಾಂ. ಏನೇ ಬದಲಿಸಿದರೂ ಹತ್ತು ದಿನದಲ್ಲಿ ನಿಧಾನವಾಗಿ ಬದಲಿಸಿ, ಫಲ ನೋಡೋಕೆ ಎರಡು-ಮೂರು ವಾರ ಕಾಯಿರಿ.

ಜಿಡ್ಡು ಮಾತ್ರ ಕಡಿಮೆ ಬರ್ತಿದ್ದರೆ ಕರೆಯುವ ಕೊನೆಯನ್ನು ಗಮನಿಸಿ. ಕೊನೆಯ ಹಾಲೇ ಗಟ್ಟಿ ಜಿಡ್ಡಿನದು. ಅದನ್ನು ಪೂರ್ತಿ ಕರುವಿಗೆ ಬಿಟ್ಟರೆ ಡೇರಿಗೆ ಹೋಗುವುದು ತೆಳು ಹಾಲು. ಕರುವಿಗೆ ಒಂದು ಮೊಲೆ ಬಿಡಿ.

ಮೇವು ಸರಿಯಿದ್ದೂ ಒಂದೇ ಹಸುವಿನ ಡಿಗ್ರಿ ಬಿದ್ದರೆ ಒಳಗಿನ ಕೆಚ್ಚಲು ಬಾವು ಇರಬಹುದು. ಹಾಲು ನೋಡೋಕೆ ಚೆನ್ನಾಗೇ ಇರುತ್ತೆ, ರುಚಿ ಮಾತ್ರ ಸ್ವಲ್ಪ ಉಪ್ಪುಪ್ಪು. ಪಶು ಆಸ್ಪತ್ರೆಯಲ್ಲಿ ನಾಲ್ಕೂ ಮೊಲೆಯ ಹಾಲನ್ನು ಬೇರೆಬೇರೆಯಾಗಿ ಸಿಎಂಟಿ ಪರೀಕ್ಷೆ ಮಾಡಿಸಿ. ಕರೆದ ಮೇಲೆ ಅರ್ಧ ಗಂಟೆ ಹಸು ಮಲಗದಂತೆ ಮೇವು ಹಾಕಿ ನಿಲ್ಲಿಸಿದರೆ ಬಾವು ಬರುವುದೇ ಕಡಿಮೆ.

ಏಪ್ರಿಲ್, ಮೇ ಬಿಸಿಲಿಗೆ ಹಸು ಮೇವು ಬಿಡುತ್ತೆ, ಡಿಗ್ರಿಯೂ ಬೀಳುತ್ತೆ. ಆ ಎರಡು ತಿಂಗಳು ಹೆಚ್ಚಿನ ಮೇವನ್ನು ಬೆಳಗಿನ ಜಾವ ಮತ್ತು ರಾತ್ರಿ ಹಾಕಿ. ನೀರಿನ ತೊಟ್ಟಿಯನ್ನು ನೆರಳಿಗೆ ಸರಿಸಿ, ಕಾದ ನೀರನ್ನು ಹಸು ಅರ್ಧಕ್ಕೇ ಬಿಡುತ್ತೆ.